ಸೆಳೆವಗಳ ಲೆಕ್ಕ ಇಡೋಣ ಬನ್ನಿ

ಕಾರ್ತಿಕದ ಚಳಿ ಶುರುವಾಗುವಷ್ಟರಲ್ಲಿ ನಮ್ಮ ಬಯಲುಸೀಮೆಯ ಹುಲ್ಲುಗಾವಲುಗಳಿಗೆ ಸೆಳೆವಗಳು ಬಂದು ಸೇರಿರುತ್ತವೆ. ಕಝಾಕಿಸ್ತಾನದ, ರಷ್ಯಾದ ಬಯಲುಗಳಲ್ಲಿ ನೆಲದ ಮೇಲೆ ಗೂಡು ಮಾಡಿ, ಮರಿ ಬೆಳೆಸಿ, ಅಲ್ಲಿ ಹಿಮ ಬೀಳುವ ಮುಂಚೆ ಸಾವಿರಾರು ಕಿಲೋಮೀಟರ್ ಹಾರಿ ಬರುವ ಬೇಟೆಹಕ್ಕಿಗಳು ಇವು. ಬಿಳಿ ಸೆಳೆವ, ಮೊಂಟಾಗು ಸೆಳೆವ, ಕೆರೆಯಂಚನ್ನು ಬಿಡದ ಜೌಗು ಸೆಳೆವ. ಹಗಲೆಲ್ಲ ಹುಲ್ಲಿನ ತುದಿ ಸವರುವಷ್ಟು ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ, ಓತಿಕ್ಯಾತಗಳನ್ನು ಹಿಡಿಯುತ್ತವೆ. ಸಂಜೆಯಾದರೆ ಮರ ಹುಡುಕುವುದಿಲ್ಲ, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ರಾತ್ರಿ ಕಳೆಯುತ್ತವೆ. ಬೇಸಿಗೆ ಕಾವೇರುವ ಹೊತ್ತಿಗೆ ಬಂದ ದಾರಿ ಹಿಡಿದು ಹೊರಟುಬಿಡುತ್ತವೆ.

ಕಳೆದ ಚಳಿಗಾಲದಲ್ಲಿ ನಿಮ್ಮ ತಾಲ್ಲೂಕಿಗೆ ಎಷ್ಟು ಸೆಳೆವಗಳು ಬಂದವು? ಹತ್ತು ವರ್ಷದ ಹಿಂದೆ ಎಷ್ಟು ಬರುತ್ತಿದ್ದವು? ಒಂದೆರಡು ಕಡೆ ಬಿಟ್ಟರೆ ಇದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ. ಕುರಿ, ಮೇಕೆ, ಎಮ್ಮೆಗಳ ಗಣತಿ ಮಾಡುತ್ತೇವೆ, ಹುಲಿ, ಆನೆಗಳ ಗಣತಿ ಮಾಡುತ್ತೇವೆ. ನಮ್ಮ ನೆಲವನ್ನೇ ನಂಬಿ ಅರ್ಧ ಖಂಡ ದಾಟಿ ಬರುವ ಈ ಹಕ್ಕಿಗಳು ಬಂದವೋ ಇಲ್ಲವೋ ಎಂದು ಕೇಳುವ ವ್ಯವಧಾನ ನಮಗಿಲ್ಲ. ಇದನ್ನು ಬರಿಯ ಮರೆವು ಎಂದು ಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಲೆಕ್ಕವಿಲ್ಲದ ಜೀವ ಸತ್ತರೆ ಯಾರೂ ಜವಾಬ್ದಾರರಾಗಬೇಕಿಲ್ಲ. ಆ ಅನುಕೂಲ ನಮಗೆ ಬಹಳ ದಿನದಿಂದ ರೂಢಿಯಾಗಿದೆ.

ರಣಹದ್ದುಗಳ ವಿಷಯದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ 1980ರ ದಶಕದಲ್ಲಿ ಬೇಟೆಹಕ್ಕಿಗಳನ್ನು, ರಣಹದ್ದಿನ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. 1990ರ ದಶಕದ ಕೊನೆಗೆ ಮತ್ತೆ ಅದೇ ಮರಗಳ ಕೆಳಗೆ ನಿಂತಾಗ ಗೂಡುಗಳು ಖಾಲಿಯಾಗುತ್ತಿದ್ದವು. ಹಳೆಯ ಎಣಿಕೆ ಕೈಯಲ್ಲಿದ್ದುದರಿಂದಲೇ ಇದು ಬೇರೆ ಎಲ್ಲಿಗೋ ವಲಸೆ ಹೋದ ಕತೆಯಲ್ಲ, ಸಾವು ಎಂದು ಹೇಳಲು ಸಾಧ್ಯವಾಯಿತು. ದನಗಳಿಗೆ ನೋವು ಕಡಿಮೆ ಮಾಡಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಮೂತ್ರಪಿಂಡವನ್ನು ಕೊಲ್ಲುತ್ತಿದೆ ಎಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಪಶುವೈದ್ಯಕ್ಕೆ ಆ ಔಷಧ ನಿಷೇಧವಾಯಿತು. ಅಷ್ಟರಲ್ಲಿ ಬಹಳ ತಡವಾಗಿತ್ತು: 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡ 99.9ರಷ್ಟು ಇಲ್ಲವಾದವು. ಊರೂರಿನಲ್ಲಿ ಯಾರಾದರೂ ಎಣಿಸುತ್ತಿದ್ದರೆ ಎಷ್ಟು ವರ್ಷ ಮೊದಲೇ ಎಚ್ಚರಗೊಳ್ಳುತ್ತಿದ್ದೆವು! ರಣಹದ್ದುಗಳ ನೆಲೆಯಾದ ರಾಮನಗರದ ಬಂಡೆಗಳ ಕಡೆ ತಲೆ ಎತ್ತಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಎಣಿಕೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೆ. ಅಲ್ಲಿನ ಒಂದು ಬೆಟ್ಟದ ಏಣಿನ ಮೇಲೆ ಪ್ರತಿ ಶರತ್ಕಾಲದಲ್ಲಿ ವಲಸೆ ಗಿಡುಗಗಳು ಸಾಲುಗಟ್ಟಿ ಹಾದುಹೋಗುತ್ತಿದ್ದವು. ಜನ ಬಂದೂಕು ಹಿಡಿದು ಸಾಲಾಗಿ ನಿಂತು ಮೋಜಿಗಾಗಿ ಅವನ್ನು ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬಾಕೆ ಆ ಬೆಟ್ಟದ 1,400 ಎಕರೆಯನ್ನೇ ಗುತ್ತಿಗೆಗೆ ಪಡೆದು, ಕಾವಲಿಗೆ ಮಾರಿಸ್ ಬ್ರೌನ್ ಅವರನ್ನು ನೇಮಿಸಿದರು. ಬ್ರೌನ್ ಬೇಟೆಗಾರರನ್ನು ತಡೆದು ನಿಲ್ಲಿಸಿದರು, ಜೊತೆಗೆ ಬಂಡೆಯ ಮೇಲೆ ಕೂತು ಹಾದುಹೋದ ಒಂದೊಂದು ಹಕ್ಕಿಯನ್ನೂ ಬರೆದುಕೊಂಡರು. ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಹಾಕ್ ಮೌಂಟನ್ ಎಂಬ ಆ ಬೆಟ್ಟದ ಲೆಕ್ಕ ಇಂದಿಗೂ ನಿಂತಿಲ್ಲ.

ಆ ಲೆಕ್ಕದಲ್ಲಿ ಏನು ಕಂಡಿತು? 1935ರಿಂದ 1939ರವರೆಗೆ ಅಲ್ಲಿ ಹಾದುಹೋದ ಬೋಳುತಲೆ ಹದ್ದುಗಳಲ್ಲಿ ಶೇಕಡ 40 ಎಳೆಯವು. 1955ರಿಂದ 1959ರೊಳಗೆ ಅದು ಶೇಕಡ 20ಕ್ಕೆ ಇಳಿಯಿತು. 1957ರಲ್ಲಂತೂ 32 ಬೆಳೆದ ಹಕ್ಕಿಗಳಿಗೆ ಒಂದೇ ಒಂದು ಎಳೆಯದು. ಹದ್ದುಗಳು ಹಾರುತ್ತಲೇ ಇದ್ದವು, ಆದರೆ ಮರಿಗಳು ಹುಟ್ಟುತ್ತಿರಲಿಲ್ಲ. ಲೇಖಕಿ ರೇಚಲ್ ಕಾರ್ಸನ್ 1962ರಲ್ಲಿ ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ದನಿ ಎತ್ತಿದಾಗ ಈ ಅಂಕಿಗಳೂ ಅವರ ಬೆನ್ನಿಗಿದ್ದವು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 1930ರ ದಶಕದಲ್ಲಿ ಬ್ರೌನ್ ಬೆಳೆದದ್ದು, ಎಳೆಯದು ಎಂದು ಬೇರ್ಪಡಿಸಿ ಬರೆದಿಡದೆ ಹೋಗಿದ್ದರೆ ಆ ವಾದಕ್ಕೆ ಒಂದು ದೊಡ್ಡ ಆಧಾರ ತಪ್ಪಿಹೋಗುತ್ತಿತ್ತು.

ನಮ್ಮ ದೇಶದಲ್ಲೂ ಆತ್ಮಸಾಕ್ಷಿ ಎಚ್ಚೆತ್ತ ಉದಾಹರಣೆಯಿದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಅಮೂರ್ ಚಾಣಗಳನ್ನು ಬಲೆ ಹಾಕಿ ಲಕ್ಷದ ಲೆಕ್ಕದಲ್ಲಿ ಕೊಲ್ಲುತ್ತಿದ್ದುದು 2012ರಲ್ಲಿ ಬಯಲಾಯಿತು. ಮರುವರ್ಷವೇ ಪಂಗ್ತಿಯಂಥ ಹಳ್ಳಿಗಳ ಜನ ತಾವೇ ಬಲೆ ಎತ್ತಿಟ್ಟು ಆ ಹಕ್ಕಿಗಳ ಕಾವಲಿಗೆ ನಿಂತರು. ಬದುಕಿನ ಆದಾಯವನ್ನೇ ಬಿಟ್ಟುಕೊಟ್ಟ ಆ ಬೇಟೆಗಾರರಿಗೆ ನನ್ನ ನಮಸ್ಕಾರ.

ನಾವು ಬಲೆ ಬೀಸುವುದಿಲ್ಲ. ಹಕ್ಕಿ ಮಲಗುವ ಹುಲ್ಲನ್ನೇ ಉತ್ತುಬಿಡುತ್ತೇವೆ. ಹುಲ್ಲುಗಾವಲು ಎಂದರೆ ಪಾಳು ಜಮೀನು ಎಂದೇ ಕಡತಗಳು ಹೇಳುತ್ತವೆ. ಪಾಳು ಎಂದಮೇಲೆ ಏನನ್ನು ಬೇಕಾದರೂ ಮಾಡಬಹುದು. ರಾಣೆಬೆನ್ನೂರಿನಲ್ಲಿ ಎರೆಭೂತ ಹಕ್ಕಿ ಓಡಾಡುತ್ತಿದ್ದ ಬಯಲಿನಲ್ಲಿ ನೀಲಗಿರಿ ನೆಟ್ಟೆವು, ಅದೂ ಅರಣ್ಯ ಬೆಳೆಸುವ ಹೆಸರಿನಲ್ಲಿ. ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯುತ್ತಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹಂಚಿದೆವು. ಅಲ್ಲಿ ಕುರಿ ಮೇಯಿಸುತ್ತಿದ್ದವರ ಮಾತೇ ಯಾರಿಗೂ ಕೇಳಿಸಲಿಲ್ಲ, ಇನ್ನು ಹಕ್ಕಿಯ ಮಾತೆಲ್ಲಿ? ಉಳಿದ ಹೊಲಗಳಲ್ಲಿ ಕೀಟನಾಶಕ ಮಿಡತೆಗಳನ್ನು ಮುಗಿಸುತ್ತಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ದೇಶದ ಸೆಳೆವ ತಂಗುದಾಣಗಳ ಎಣಿಕೆಗಳನ್ನು ಮೊದಲ ಬಾರಿಗೆ ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದಾಗ, ಮೂವತ್ತು ವರ್ಷಗಳ ಆ ಚಿತ್ರ ಇಳಿಮುಖವಾಗಿಯೇ ಇತ್ತು.

ಆದರೂ ಹೆಸರಘಟ್ಟವನ್ನು ನೋಡಿ. ಅಲ್ಲಿನ 5,000 ಎಕರೆಗೂ ಮೀರಿದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು. ವಿಷಯ ಹೈಕೋರ್ಟಿಗೆ ಹೋಯಿತು, 2022ರಲ್ಲಿ ಅದೇ ಮಂಡಳಿ ಒಪ್ಪಿತು. ಅಲ್ಲಿ ವಾದಿಸಿದವರ ಕೈಯಲ್ಲಿ ಹಕ್ಕಿ ನೋಡುವವರು ವರ್ಷಗಟ್ಟಲೆ ಬರೆದಿಟ್ಟ ಪಟ್ಟಿಗಳಿದ್ದವು. ನಿಮ್ಮೂರಿನ ಕಾವಲಿಗೆ ನಾಳೆ ಜೆಸಿಬಿ ಬಂದು ನಿಂತರೆ ನಿಮ್ಮ ಕೈಯಲ್ಲಿ ಏನಿರುತ್ತದೆ?

ಆದ್ದರಿಂದ ಮೇಷ್ಟ್ರುಗಳಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ, ಊರಿಗೆ ಮರಳಿರುವ ನಿವೃತ್ತರಿಗೆ ನನ್ನ ಕಳಕಳಿಯ ಕರೆ. ಇದಕ್ಕೆ ಪದವಿ ಬೇಡ. ನಾಲ್ಕು ಜನ, ಒಂದು ದುರ್ಬೀನು, ಒಂದು ನೋಟ್‌ಪುಸ್ತಕ ಸಾಕು. ಮೊದಲು ಕುರಿಗಾಹಿಗಳನ್ನು ಕೇಳಿ, ಸಂಜೆ ಹಕ್ಕಿ ಎಲ್ಲಿ ಇಳಿಯುತ್ತದೆಂದು ಅವರಿಗೆ ಗೊತ್ತಿರುತ್ತದೆ. ಹುಲ್ಲಿನೊಳಗೆ ಕಾಲಿಡಬೇಡಿ, ದೂರದಲ್ಲಿ ನಾಲ್ಕು ದಿಕ್ಕಿಗೆ ಒಬ್ಬೊಬ್ಬರು ನಿಂತು ನಿಮ್ಮ ದಿಕ್ಕಿನಿಂದ ಒಳಬಂದವನ್ನು ಮಾತ್ರ ಎಣಿಸಿ. ಮೇಲೆದ್ದು ಮತ್ತೆ ಇಳಿದದ್ದನ್ನು ಎರಡು ಸಲ ಬರೆಯಬೇಡಿ. ಬೂದುಬಿಳುಪಿನ ಗಂಡನ್ನು ಬೇರೆ ಬರೆಯಿರಿ. ಕಂದು ಬಣ್ಣದ ಹೆಣ್ಣು ಮತ್ತು ಎಳೆಯವುಗಳಲ್ಲಿ ಜಾತಿ ಗುರುತಿಸುವುದು ಪಳಗಿದವರಿಗೂ ಕಷ್ಟ, ಅವನ್ನು ಬರೀ ಸೆಳೆವ ಎಂದು ಬರೆದರೆ ಸಾಕು. ಊಹೆ ಬೇಡ. ಒಂದೂ ಬಾರದಿದ್ದರೆ ಸೊನ್ನೆ ಎಂದು ಬರೆಯಿರಿ, ಆ ಸೊನ್ನೆಗೂ ತಾರೀಕು ಹಾಕಿ. ತಿಂಗಳಿಗೊಮ್ಮೆಯಂತೆ ಮಾರ್ಚ್‌ವರೆಗೆ ಇದೇ ಕೆಲಸ, ಬರುವ ವರ್ಷ ಅದೇ ಜಾಗದಲ್ಲಿ ಮತ್ತೆ. ಒಂದು ಪ್ರತಿಯನ್ನು ಪಂಚಾಯಿತಿಗೆ, ಇನ್ನೊಂದನ್ನು ವಲಯ ಅರಣ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಪುಸ್ತಕ ನಿಮ್ಮೂರಿನ ಶಾಲೆಯಲ್ಲೇ ಇರಲಿ.

ಹಕ್ಕಿಗಳು ಈಗಾಗಲೇ ಬರುತ್ತಿವೆ. ಈ ಭಾನುವಾರವೇ ಹೊರಡಿ, ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಕಾವಲಿನ ಅಂಚಿನಲ್ಲಿರಿ, ಪೂರ್ತಿ ಕತ್ತಲಾಗುವವರೆಗೆ ಜಾಗ ಬಿಟ್ಟು ಏಳಬೇಡಿ.