ಮಿದುಳೂ ಹಣೆಬರಹವೂ

ಹಣೆಬರಹವೆಂಬ ಮಾತು ಕನ್ನಡಿಗರ ಮನೆಗಳಲ್ಲಿ ಬಹುಕಾಲದಿಂದ ಎರಡು ಕೆಲಸಗಳನ್ನು ಮಾಡುತ್ತ ಬಂದಿದೆ. ದುಃಖಿತರಿಗೆ ಅದು ಸಮಾಧಾನವನ್ನಿತ್ತಿತು. ಅನ್ಯಾಯ ಮಾಡಿದವರಿಗೆ ನೆವವನ್ನೂ ಒದಗಿಸಿತು. ಬಾಲವಿಧವೆಯ ತಲೆ ಬೋಳಿಸಿದವರೂ, ಅಸ್ಪೃಶ್ಯರೆನಿಸಿದವರ ಮಕ್ಕಳನ್ನು ಶಾಲೆಯ ಜಗುಲಿಯ ಆಚೆಗೆ ನಿಲ್ಲಿಸಿದವರೂ, ಅದನ್ನು ತಾವು ಮಾಡಿದೆವೆಂದು ಒಪ್ಪಲಿಲ್ಲ. ಅವರವರ ಹಣೆಯಲ್ಲಿ ಬರೆದುದು ಹಾಗಿತ್ತೆಂದು ಕೈತೊಳೆದುಕೊಂಡರು. ಈಗ ವಿಧಿಯ ಲೇಖನಿಯು ಹಣೆಯಿಂದ ಎರಡು ಅಂಗುಲ ಒಳಕ್ಕೆ ಸರಿದಿದೆ. ಮನುಷ್ಯನು ತಾನೇ ನಿಶ್ಚಯಿಸುವೆನೆಂದು ನಂಬುವುದು ಭ್ರಾಂತಿ, ನಿಶ್ಚಯಿಸುವುದು ಮಿದುಳು, ಆದುದರಿಂದ ಯಾರ ಯಾವ ಕೃತ್ಯಕ್ಕೂ ಯಾರೂ ಹೊಣೆಯಲ್ಲ, ಇದು ಪ್ರಯೋಗಸಿದ್ಧವಾದ ವಿಷಯ, ಎಂಬ ವಾದವು ವಿದ್ಯಾವಂತರಲ್ಲಿ ಹರಡುತ್ತಿದೆ. ಹಳೆಯ ಹಣೆಬರಹವನ್ನು ಮೂಢನಂಬಿಕೆಯೆಂದು ನಕ್ಕವರೇ ಈ ಹೊಸ ಹಣೆಬರಹಕ್ಕೆ ತಲೆವಾಗುತ್ತಿರುವುದು ವಿಚಿತ್ರವಾದರೂ ಸತ್ಯ.

ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಹೇಳುವುದು ನ್ಯಾಯ. ೧೯೬೫ರಲ್ಲಿ ಜರ್ಮನಿಯ ಕೋರ್ನ್‌ಹೂಬರ್, ಡೀಕೆ ಎಂಬ ವಿದ್ವಾಂಸರು, ಮನುಷ್ಯನು ತಾನಾಗಿ ಬೆರಳನ್ನಾಡಿಸುವುದಕ್ಕೆ ಮುಂಚೆಯೇ ಅವನ ಮಿದುಳಿನಲ್ಲಿ ಮೆಲ್ಲನೆ ಏರುವ ಒಂದು ವಿದ್ಯುತ್‌ ತರಂಗವು ತಲೆದೋರುವುದೆಂದು ಪ್ರಕಟಿಸಿದರು. ಇದಕ್ಕೆ ಸಿದ್ಧತಾತರಂಗವೆಂದು ಹೆಸರಿಡಬಹುದು. ೧೯೮೩ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ಟನು ಇದನ್ನು ಇನ್ನಷ್ಟು ಮುಂದುವರಿಸಿದನು. ಮನಸ್ಸಾದಾಗ ಕೈಯಾಡಿಸಿರೆಂದು ಕೆಲವರಿಗೆ ಹೇಳಿ, ಆ ಇಚ್ಛೆಯು ಮೊದಲು ಅರಿವಿಗೆ ಬಂದ ಕ್ಷಣವನ್ನು ಸುತ್ತುತ್ತಿರುವ ಚುಕ್ಕೆಯೊಂದರ ಸಹಾಯದಿಂದ ಗುರುತಿಸಹೇಳಿದನು. ಚಲನೆಗೆ ಸುಮಾರು ೫೫೦ ಮಿಲಿಸೆಕೆಂಡು ಮೊದಲೇ ತರಂಗವು ಎದ್ದಿತ್ತು. ಇಚ್ಛೆಯ ಅರಿವಾದರೋ ಸುಮಾರು ೨೦೦ ಮಿಲಿಸೆಕೆಂಡು ಮೊದಲು ಮಾತ್ರ. ೨೦೦೮ರಲ್ಲಿ ಜರ್ಮನಿಯ ಜಾನ್-ಡೈಲನ್ ಹೇನ್ಸ್ ಮತ್ತು ಸಂಗಡಿಗರು, ಎಡದ ಗುಂಡಿಯೋ ಬಲದ ಗುಂಡಿಯೋ ಎಂಬ ಆಯ್ಕೆಯ ಸುಳಿವು ಏಳು ಸೆಕೆಂಡುಗಳಷ್ಟು ಮೊದಲೇ ಮಿದುಳಿನಲ್ಲಿ ಸಿಕ್ಕುವುದೆಂದರು. ೨೦೨೩ರಲ್ಲಿ ರಾಬರ್ಟ್ ಸಪೋಲ್ಸ್‌ಕಿ ಎಂಬ ಪ್ರಸಿದ್ಧ ಜೀವವಿಜ್ಞಾನಿಯು ಇಚ್ಛಾಸ್ವಾತಂತ್ರ್ಯವು ಲವಲೇಶವೂ ಇಲ್ಲವೆಂದು ಸಾಧಿಸುವ ದೊಡ್ಡ ಗ್ರಂಥವನ್ನೇ ಬರೆದನು. ಇಷ್ಟು ಸಾಕ್ಷಿಯಿದ್ದ ಮೇಲೆ ವಿವಾದವೆಲ್ಲಿ ಎಂದು ಕೇಳುವರು.

ವಿವಾದವಿರುವುದು ಆ ಸಾಕ್ಷಿಯಲ್ಲಿಯೇ. ೨೦೦೮ರ ಪ್ರಯೋಗದಲ್ಲಿ ಭವಿಷ್ಯವು ಸರಿಯಾದುದು ನೂರಕ್ಕೆ ಸುಮಾರು ಅರವತ್ತು ಸಲ. ಕಾಸನ್ನು ಚಿಮ್ಮಿ ಹೇಳಿದರೂ ಐವತ್ತು ಸಲ ಸರಿಯಾಗುವುದು. ಈ ಹತ್ತರ ಹೆಚ್ಚಳವು ಒಲವನ್ನು ತೋರಿಸೀತು, ತೀರ್ಪನ್ನು ತೋರಿಸಲಾರದು. ಲಿಬೆಟ್ಟನ ತರಂಗಕ್ಕೂ ಬೇರೆ ಅರ್ಥವುಂಟೆಂದು ೨೦೧೨ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮಿದುಳಿನಲ್ಲಿ ಏರಿಳಿತಗಳು ಸದಾ ನಡೆದೇ ಇರುತ್ತವೆ. ಅವು ಒಂದು ಮಿತಿಯನ್ನು ಮುಟ್ಟಿದಾಗ ಕೈಯಾಡುವುದಾದರೆ, ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿದವನಿಗೆ ಪ್ರತಿ ಸಲವೂ ಏರುವ ತರಂಗವೇ ಕಾಣುವುದು. ಕಾರವಾರದ ದಂಡೆಯಲ್ಲಿ ನೀರು ಒಂದು ಗೆರೆಯನ್ನು ಮುಟ್ಟಿದ ಕ್ಷಣಗಳನ್ನಷ್ಟೇ ಆರಿಸಿ, ಅವುಗಳ ಹಿಂದಿನ ಗಳಿಗೆಯನ್ನು ನೋಡಿದರೆ ಸಮುದ್ರವು ಯಾವಾಗಲೂ ಏರುತ್ತಿತ್ತೆಂದೇ ತೋರುವುದು. ಅದರಿಂದ ಸಮುದ್ರವು ಮೊದಲೇ ಸಂಕಲ್ಪ ಮಾಡಿತ್ತೆಂದು ಯಾರೂ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪವೊಂದುಂಟು. ಕಾರಣವಿಲ್ಲದೆ ಬೆರಳನ್ನಾಡಿಸುವುದು ಆಯ್ಕೆಯ ಮಾದರಿಯೇ ಅಲ್ಲ. ಮಗಳ ಓದಿಗೆ ಹಣ ಹಾಕುವುದೋ ಮದುವೆಗೆ ಕೂಡಿಡುವುದೋ ಎಂದು ತಂದೆಯು ತಿಂಗಳುಗಟ್ಟಲೆ ತೂಗುವ ನಿರ್ಧಾರಕ್ಕೂ, ಈಗ ಬೆರಳೆತ್ತಲೋ ಆಮೇಲೆ ಎತ್ತಲೋ ಎಂಬ ಚಪಲಕ್ಕೂ ಹೋಲಿಕೆಯೇನು? ೨೦೧೯ರಲ್ಲಿ ಉರಿ ಮಾವೋಜ್ ಮತ್ತು ಸಂಗಡಿಗರು ಈ ಭೇದವನ್ನೇ ಪರೀಕ್ಷಿಸಿದರು. ಯಾವ ಧರ್ಮಸಂಸ್ಥೆಗೆ ನಿಜವಾದ ಹಣ ಸಲ್ಲಬೇಕೆಂದು ವಿಚಾರಿಸಿ ಆರಿಸುವಾಗ ಸಿದ್ಧತಾತರಂಗವು ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಫಲದಲ್ಲಿ ವ್ಯತ್ಯಾಸವಿಲ್ಲದ ಆಯ್ಕೆಯಲ್ಲಿ ಮಾತ್ರ ಸ್ಪಷ್ಟವಾಗಿ ಕಂಡಿತು.

ಇಷ್ಟರಿಂದ ಇಚ್ಛೆಯು ಶರೀರಕ್ಕೆ ಹೊರತಾದುದೆಂದು ಜಯಘೋಷ ಮಾಡುವವರೂ ತಪ್ಪುವರು. ಅಮೆರಿಕದ ಒಬ್ಬ ಉಪಾಧ್ಯಾಯನ ವೃತ್ತಾಂತವು ೨೦೦೩ರಲ್ಲಿ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ನಲವತ್ತರ ವಯಸ್ಸಿನಲ್ಲಿ ಅವನ ನಡತೆಯು ಕೆಟ್ಟು, ಮಕ್ಕಳ ವಿಷಯದಲ್ಲಿ ಹೇಯವಾದ ಪ್ರವೃತ್ತಿ ತಲೆದೋರಿತು. ಮಿದುಳಿನ ಮುಂಭಾಗದಲ್ಲಿ ಗಡ್ಡೆಯೊಂದು ಬೆಳೆದುದು ಗೊತ್ತಾಯಿತು. ಅದನ್ನು ತೆಗೆದಾಗ ಪ್ರವೃತ್ತಿಯು ಅಡಗಿತು. ಗಡ್ಡೆ ಮತ್ತೆ ಬೆಳೆದಾಗ ಪ್ರವೃತ್ತಿಯೂ ಮರಳಿತು. ಸಂಯಮವು ಮಾಂಸದಲ್ಲಿ ನೆಲೆಸಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಡ. ಆದರೆ ಇದನ್ನೇ ಎತ್ತಿ ತೋರಿಸಿ ಎಲ್ಲರೂ ಪರವಶರೆನ್ನುವವರು ತಮ್ಮ ಸಾಕ್ಷಿಯ ಮಾತನ್ನು ಪೂರ್ತಿಯಾಗಿ ಕೇಳಿಲ್ಲ. ಆ ಗಡ್ಡೆಯು ಅವನಿಂದ ಏನನ್ನೋ ಕಸಿದುಕೊಂಡಿತಷ್ಟೆ? ಮೊದಲಿನಿಂದಲೂ ಯಾರಿಗೂ ತಡೆದುಕೊಳ್ಳುವ ಶಕ್ತಿಯೇ ಇರದಿದ್ದರೆ ಅದು ಕಸಿದುದಾದರೂ ಏನನ್ನು? ರೋಗಿಯನ್ನು ಕ್ಷಮಿಸುವುದಕ್ಕೆ ಆರೋಗ್ಯವಂತನಲ್ಲಿ ಆ ಶಕ್ತಿಯಿದೆಯೆಂದು ಮೊದಲು ಒಪ್ಪಬೇಕು.

ಕಾರಣವಿರುವುದು ಬೇರೆ, ಬಲಾತ್ಕಾರವು ಬೇರೆ. ಈ ಭೇದವನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಪಾಣಿನಿಯು ಸ್ವತಂತ್ರನಾದವನನ್ನು ಕರ್ತೃವೆಂದು ಕರೆದನು. ಅಡುಗೆ ಮಾಡುವವನಿಗೆ ಸೌದೆ, ನೀರು, ಪಾತ್ರೆಗಳೆಲ್ಲವೂ ಬೇಕು; ಆದರೂ ಅವನ್ನು ತೊಡಗಿಸುವವನು ಅವನೇ ಆದುದರಿಂದ ಕರ್ತೃತ್ವವು ಅವನದು. ಇನ್ನೊಬ್ಬನು ಪ್ರೇರಿಸಿದಾಗಲೂ ಪ್ರೇರಿತನ ಕರ್ತೃತ್ವವನ್ನು ವ್ಯಾಕರಣವು ಕಿತ್ತುಕೊಳ್ಳುವುದಿಲ್ಲ. ಎಲ್ಲವೂ ನಿಯತಿಯೆಂದ ಮಕ್ಖಲಿ ಗೋಸಾಲನ ಆಜೀವಿಕಮತವು ದಕ್ಷಿಣದೇಶದಲ್ಲಿ ೧೪ನೆಯ ಶತಮಾನದವರೆಗೂ ಉಳಿದಿತ್ತು. ಕರ್ಮಸಿದ್ಧಾಂತವನ್ನು ಒಪ್ಪಿದ ಬೌದ್ಧರೂ ಜೈನರೂ ಅದನ್ನು ಖಂಡಿಸಿದುದು, ಪುರುಷಪ್ರಯತ್ನಕ್ಕೆ ಎಡೆಯಿಲ್ಲದೆಡೆ ಧರ್ಮಕ್ಕೂ ಎಡೆಯಿಲ್ಲವೆಂದು ಕಂಡುದರಿಂದ. ಕಾರಣಗಳನ್ನು ತೂಗಿ ನೋಡುವ, ಬೇಡವಾದುದನ್ನು ತಡೆಯುವ, ಹೇಳಿದ ಬುದ್ಧಿಯಿಂದ ತಿದ್ದಿಕೊಳ್ಳುವ ಸಾಮರ್ಥ್ಯವೇ ಸ್ವಾತಂತ್ರ್ಯ. ಅದು ಮಿದುಳಿನ ಕೆಲಸವೆಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ನೋಟವು ಕಣ್ಣಿನ ಕೆಲಸವೆಂದ ಮಾತ್ರಕ್ಕೆ ನೋಡುವವನಿಲ್ಲವೆಂದು ಆದೀತೆ?

ಈ ಭೇದವನ್ನು ಅಳಿಸಿದರೆ ಆಗುವ ಹಾನಿಯು ತರ್ಕಶಾಸ್ತ್ರದ ಹಾನಿಯಷ್ಟೇ ಆಗಿ ನಿಲ್ಲುವುದಿಲ್ಲ. ೨೦೧೦ರ ಮೇ ತಿಂಗಳಿನಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮಹತ್ತ್ವದ ತೀರ್ಪನ್ನಿತ್ತಿತು. ಆಪಾದಿತನ ಒಪ್ಪಿಗೆಯಿಲ್ಲದೆ ಅವನಿಗೆ ಮಂಪರಿನ ಮದ್ದು ಚುಚ್ಚಿ ಮಾತಾಡಿಸುವುದೂ, ಅವನ ಮಿದುಳಿನ ತರಂಗಗಳನ್ನಳೆದು ಸಾಕ್ಷಿ ಹುಡುಕುವುದೂ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಬಾಯಾರೆ ಹೇಳಿದ ಮಾತೂ ಮದ್ದಿನಿಂದ ಹೊರಟ ಮಾತೂ ಸಮಾನವಾಗಿ ಮಿದುಳಿನ ಯಾಂತ್ರಿಕ ಫಲಗಳೇ ಆಗಿದ್ದರೆ ಈ ತೀರ್ಪಿಗೆ ಅರ್ಥವಿಲ್ಲ. ಒಪ್ಪಿಗೆಯೆಂಬ ಪದಕ್ಕೂ ಅರ್ಥವಿಲ್ಲ. ಇಚ್ಛೆಯನ್ನು ಭ್ರಾಂತಿಯೆನ್ನುವವರು ಬಡ ಆಪಾದಿತನಿಗೆ ಉಳಿದಿರುವ ಕೊನೆಯ ಬಾಗಿಲನ್ನು ಮುರಿಯುತ್ತಿದ್ದಾರೆ.

ದಯೆಗಾಗಿಯೇ ತಾವು ಹೊಣೆಯನ್ನು ತಳ್ಳಿಹಾಕುವೆವೆಂದು ಅವರು ಹೇಳಬಹುದು. ಸೇಡಿನ ಶಿಕ್ಷೆಯನ್ನು ಅವರು ಹಳಿಯುವುದು ಸರಿಯೇ. ಆದರೆ ದಯೆಗೆ ಹೊಣೆಯ ನಾಶವು ಬೇಕಾಗಿಲ್ಲ. ಬುದ್ಧಿವಿಕಲತೆಯಿಂದ ತನ್ನ ಕೃತ್ಯದ ಸ್ವರೂಪವನ್ನರಿಯಲಾರದವನು ಅಪರಾಧಿಯಲ್ಲವೆಂದು ೧೮೬೦ರ ದಂಡಸಂಹಿತೆಯ ೮೪ನೆಯ ಕಲಮೇ ಹೇಳಿತ್ತು. ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ ೨೨ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ. ಹೊಣೆಗೆ ತರತಮವುಂಟು, ಅದನ್ನು ಅಳೆಯಲು ಮಿದುಳಿನ ವಿಜ್ಞಾನವು ನೆರವಾಗಲಿ. ಆದರೆ ಅಪರಾಧವೆಂಬುದೇ ಇಲ್ಲವಾದರೆ ನಿರಪರಾಧವೂ ಇಲ್ಲವಾಗುವುದು. ತಪ್ಪಿಗೆ ತಕ್ಕ ಶಿಕ್ಷೆಗೆ ಒಂದು ಕೊನೆಯುಂಟು. ಕೆಟ್ಟ ಯಂತ್ರವೆಂದು ಒಳಗಿಟ್ಟ ಮನುಷ್ಯನ ರಿಪೇರಿಗೆ ಕೊನೆಯನ್ನು ಗೊತ್ತುಮಾಡುವವರು ಯಾರು?

ಇನ್ನು ಮನೆಯ ಮಾತು. ಲಂಡನ್ನಿನಲ್ಲಿ ಬಾಡಿಗೆ ಕಾರು ನಡೆಸುವವರು ಊರಿನ ಸಾವಿರಾರು ಬೀದಿಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಬೇಕು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಮಿದುಳಿನಲ್ಲಿ, ನೆನಪಿಗೆ ಸಂಬಂಧಪಟ್ಟ ಭಾಗವೊಂದು ಅಭ್ಯಾಸದ ತರುವಾಯ ಬೆಳೆದಿತ್ತೆಂದೂ, ತೇರ್ಗಡೆಯಾಗದವರಲ್ಲಿ ಆ ಬೆಳವಣಿಗೆ ಕಾಣಲಿಲ್ಲವೆಂದೂ ೨೦೧೧ರಲ್ಲಿ ಪ್ರಕಟವಾಯಿತು. ಮಿದುಳು ಮನುಷ್ಯನ ಬಾಳನ್ನು ಬರೆಯುವುದು ನಿಜವಾದರೆ, ಬಾಳು ಮಿದುಳನ್ನು ತಿದ್ದಿ ಬರೆಯುವುದೂ ಅಷ್ಟೇ ನಿಜ. ಸಂಯಮಕ್ಕೆ ಆಧಾರವಾದ ಮುಂಭಾಗವಂತೂ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುವುದು. ಹೀಗಿರುವಲ್ಲಿ ಹತ್ತು ವರ್ಷದ ಹುಡುಗನ ಎದುರಿಗೆ ಇವನ ಮಿದುಳೇ ಇಷ್ಟೆಂದು ತಾಯಿತಂದೆಗಳು ಹೇಳುವುದು, ಆತನ ಅಜ್ಜನ ಕಾಲದಲ್ಲಿ ಇವನ ಹಣೆಬರಹವೇ ಇಷ್ಟೆಂದು ಹೇಳಿದುದಕ್ಕಿಂತ ಲೇಶವೂ ಮೇಲಲ್ಲ. ಅಂದು ಆ ಮಾತು ಎಷ್ಟೋ ಮಕ್ಕಳ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡಿತು. ಇಂದು ಅದೇ ಮಾತು ವಿಜ್ಞಾನದ ಹೆಸರಿನಲ್ಲಿ ಬಾಗಿಲಿಗೆ ಬಂದರೆ ವಿದ್ಯಾವಂತರ ಮನೆಗಳು ಅದನ್ನು ಒಳಕ್ಕೆ ಬಿಟ್ಟುಕೊಳ್ಳದಿರಲಿ.