ವಿಲ್ಸನ್ನನ ವಾಗ್ದಾನವೂ ಪರತಂತ್ರ ರಾಷ್ಟ್ರಗಳೂ

ಅಮೇರಿಕೆಯ ಅಧ್ಯಕ್ಷ ವುಡ್ರೋ ವಿಲ್ಸನ್ನನು ಮಹಾ ಧ್ಯೇಯವಾದಿಯೆಂದೂ, 1919ರ ಪ್ಯಾರಿಸ್ ಶಾಂತಿ ಪರಿಷತ್ತಿನಲ್ಲಿ ಲಾಯ್ಡ್ ಜಾರ್ಜ್, ಕ್ಲೆಮಾನ್ಸೋ ಮೊದಲಾದ ಯುರೋಪಿನ ಧೂರ್ತ ಮುತ್ಸದ್ದಿಗಳ ಬಲೆಗೆ ಸಿಕ್ಕಿ ಸೋತನೆಂದೂ ಹೇಳುವ ರೂಢಿಯು ಇತಿಹಾಸ ಪುಸ್ತಕಗಳಲ್ಲಿ ಬೇರೂರಿದೆ. ಉಪಾಧ್ಯಾಯರು ಇದನ್ನೇ ಕಲಿಸುತ್ತಾರೆ. ಹುಡುಗರು ಇದನ್ನೇ ಒಪ್ಪಿಸುತ್ತಾರೆ. ಆದರೆ ಕೈರೋ, ಪೇಕಿಂಗ್, ಸಿಯೋಲ್ ನಗರಗಳ ಜನರು ಅದೇ ವರ್ಷ ಕೊಟ್ಟ ತೀರ್ಪು ಬೇರೆ. ಸಾಕ್ಷ್ಯವನ್ನು ಬಿಚ್ಚಿ ನೋಡಿದರೆ ಆ ತೀರ್ಪೇ ನಿಲ್ಲತಕ್ಕದ್ದು.

1918ರ ಜನವರಿ 8ರಂದು ವಿಲ್ಸನ್ನನು ತನ್ನ ಹದಿನಾಲ್ಕು ಸೂತ್ರಗಳನ್ನು ಅಮೇರಿಕೆಯ ಕಾಂಗ್ರೆಸಿನ ಮುಂದಿಟ್ಟನು. ಮರುತಿಂಗಳ ಭಾಷಣದಲ್ಲಿ ‘ಸ್ವಯಂನಿರ್ಣಯ’ವೆಂಬ ಶಬ್ದವನ್ನೂ ಉಚ್ಚರಿಸಿದನು. ಆ ಸೂತ್ರಗಳಲ್ಲಿ ಐದನೆಯದನ್ನು ದಸ್ತಾವೇಜು ಓದುವ ಕಣ್ಣಿನಿಂದ ಓದಬೇಕು. ವಸಾಹತುಗಳ ಪ್ರಶ್ನೆಯಲ್ಲಿ ಅಲ್ಲಿಯ ಪ್ರಜೆಗಳ ಹಿತಕ್ಕೂ ಹಕ್ಕು ಸಾಧಿಸುವ ಸರಕಾರದ ನ್ಯಾಯವಾದ ಕೇಳಿಕೆಗೂ ಸಮತೂಕ ಕೊಡತಕ್ಕದ್ದೆಂದು ಅದರ ತಾತ್ಪರ್ಯ. ಮನೆಯ ಒಡೆಯನಿಗೂ ಮನೆಯೊಳಗೆ ನುಗ್ಗಿ ಕುಳಿತವನಿಗೂ ಒಂದೇ ತಕ್ಕಡಿ! ಇಂಥ ಪತ್ರವನ್ನು ಹಿಡಿದು ಯಾವ ಕಕ್ಷಿಗಾರನು ದಾವೆ ಗೆದ್ದಾನು? ಆದರೆ ತಂತಿಯ ಮೂಲಕ ಜಗತ್ತಿಗೆ ಮುಟ್ಟಿದುದು ಸೂತ್ರದ ಷರತ್ತುಗಳಲ್ಲ, ಸ್ವಯಂನಿರ್ಣಯವೆಂಬ ಆ ಒಂದು ಶಬ್ದ.

ಚೀನದ ಪ್ರಖರ ಲೇಖಕ ಚೆನ್ ಡುಶಿಯು ಆ ವರ್ಷದ ಕೊನೆಗೆ ವಿಲ್ಸನ್ನನನ್ನು ಜಗತ್ತಿನ ಮೊದಲನೆಯ ಸತ್ಪುರುಷನೆಂದು ಕೊಂಡಾಡಿದನು. ಅದೇ ಡಿಸೆಂಬರದಲ್ಲಿ ದಿಲ್ಲಿಯಲ್ಲಿ ಕೂಡಿದ ನಮ್ಮ ರಾಷ್ಟ್ರೀಯ ಸಭೆಯು ಈ ತತ್ತ್ವವು ಹಿಂದುಸ್ತಾನಕ್ಕೂ ಅನ್ವಯಿಸಬೇಕೆಂದು ಠರಾವು ಮಾಡಿತು. 1916ರಲ್ಲಿ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದ ಲೋಕಮಾನ್ಯ ಟಿಳಕರು ಲಂಡನ್ನಿನಿಂದ ಅಧ್ಯಕ್ಷನಿಗೆ ನೇರವಾಗಿ ಬರೆದರು. ಸಕಾಲದಲ್ಲಿ ಯೋಗ್ಯ ಅಧಿಕಾರಿಗಳು ವಿಚಾರಿಸುವರೆಂದು ಕಾರ್ಯದರ್ಶಿಯ ಉತ್ತರ ಬಂದಿತು. ಕಚೇರಿಯ ಮೆಟ್ಟಿಲು ಸವೆಸಿದವರಿಗೆಲ್ಲ ಈ ಭಾಷೆಯ ಅರ್ಥ ಗೊತ್ತು.

ಇಜಿಪ್ತದ ಕಥೆ ಇನ್ನೂ ಕಠೋರವಾದುದು. ಪ್ಯಾರಿಸಿಗೆ ಹೋಗಿ ತನ್ನ ದೇಶದ ಪಕ್ಷವನ್ನು ಮಂಡಿಸಬೇಕೆಂದಿದ್ದ ಸಾದ್ ಝಗಲೂಲನನ್ನು ಬ್ರಿಟಿಷರು 1919ರ ಮಾರ್ಚದಲ್ಲಿ ಹಿಡಿದು ಮಾಲ್ಟಾ ದ್ವೀಪಕ್ಕೆ ಅಟ್ಟಿದರು. ದೇಶವೆಲ್ಲ ಹೊತ್ತಿಕೊಂಡಿತು. ದಂಗೆಗೆ ಅಂಜಿ ಅವನನ್ನು ಬಿಟ್ಟರು. ಅವನ ನಿಯೋಗವು ಪ್ಯಾರಿಸನ್ನು ತಲಪುವ ಸುಮಾರಿಗೆ, ಎಪ್ರಿಲದಲ್ಲಿಯೇ, ಇಜಿಪ್ತದ ಮೇಲಿನ ಬ್ರಿಟಿಷ್ ರಕ್ಷಕತ್ವವನ್ನು ಅಮೇರಿಕೆಯು ಮಾನ್ಯಮಾಡಿತು. ಇದನ್ನು ಕ್ಲೆಮಾನ್ಸೋ ಕೈಹಿಡಿದು ಬರೆಸಿದನೆ? ಇದು ವಿಲ್ಸನ್ನನ ಸ್ವಂತ ಸರಕಾರದ ಕೃತಿ.

ಕೊರಿಯದಲ್ಲಿ ಮಾರ್ಚ 1ರಂದು 33 ಜನರ ಸಹಿಯುಳ್ಳ ಸ್ವಾತಂತ್ರ್ಯ ಘೋಷಣೆಯು ಹೊರಬಿದ್ದಿತು; ಜಪಾನಿಯರು ಅದನ್ನು ರಕ್ತದಲ್ಲಿ ಅದ್ದಿದರು. ವಿಲ್ಸನ್ನನು ಮುಖ್ಯಸ್ಥನಾಗಿದ್ದ ಪ್ರಿನ್ಸ್‌ಟನ್ನಿನಲ್ಲಿಯೇ 1910ರಲ್ಲಿ ಡಾಕ್ಟರ್ ಪದವಿ ಪಡೆದ ಕೊರಿಯದ ಸಿಂಗ್‌ಮನ್ ರೀ ಪ್ಯಾರಿಸಿಗೆ ಹೊರಟರೆ ಅಮೇರಿಕೆಯ ಸರಕಾರವು ರಹದಾರಿಯನ್ನೇ ಕೊಡಲಿಲ್ಲ.

ಇನ್ನು ಚೀನ. ಶಾಂಟುಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ದಾಟಿಸಲು ವಿಲ್ಸನ್ನನು ಒಪ್ಪಿದನು. ಮೇ 4ರಂದು ಪೇಕಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು; ಜೂನ್ 28ರಂದು ಚೀನವು ಕೌಲಿಗೆ ಸಹಿ ಹಾಕಲು ನಿರಾಕರಿಸಿತು. ಸತ್ಪುರುಷನನ್ನು ಹೊಗಳಿದ ಅದೇ ಚೆನ್ 1921ರಲ್ಲಿ ಚೀನದ ಕಮ್ಯುನಿಸ್ಟ್ ಪಕ್ಷದ ಸ್ಥಾಪಕರಲ್ಲೊಬ್ಬನಾದನು.

ಜಪಾನು ಎದ್ದುಹೋದರೆ ರಾಷ್ಟ್ರಸಂಘವೇ ಹುಟ್ಟಲಾರದೆಂಬ ಭಯದಿಂದ ಅವನು ಹಾಗೆ ಮಾಡಿದನೆಂದು ಅವನ ಪಕ್ಷದವರು ಹೇಳುವರು. ಇರಬಹುದು. ಆದರೆ ಆ ಜಪಾನಿನ ಮುನಿಸಿಗೆ ಕಾರಣವೇನು? ಎಪ್ರಿಲ್ 11ರಂದು ರಾಷ್ಟ್ರಸಂಘದ ಕರಡನ್ನು ಬರೆಯುವ ಸಮಿತಿಯಲ್ಲಿ, ಎಲ್ಲ ರಾಷ್ಟ್ರಗಳೂ ಸಮಾನವೆಂಬ ತತ್ತ್ವವನ್ನು ಸೇರಿಸಬೇಕೆಂದು ಜಪಾನಿನ ಮಾಕಿನೋ ಕೇಳಿದನು. 17ರಲ್ಲಿ 11 ಮತಗಳು ಅನುಕೂಲವಾಗಿ ಬಿದ್ದವು. ಪೀಠದಲ್ಲಿ ವಿಲ್ಸನ್ನನೇ ಇದ್ದನು. ಸರ್ವಾನುಮತವಿಲ್ಲವೆಂದು ಅದನ್ನು ಬಿದ್ದುಹೋಯಿತೆಂದು ಸಾರಿದನು. ಕೊರಿಯವನ್ನು ತುಳಿಯುತ್ತಿದ್ದ ಜಪಾನಿನ ಬಾಯಲ್ಲಿ ಸಮಾನತೆಯ ಮಾತು ಶೋಭಿಸದೆಂಬುದು ನಿಜವೇ. ಆದರೆ ಕೇಳಿದವನು ಕಳ್ಳನೆಂದು ಕೇಳಿಕೆ ಕೆಟ್ಟುಹೋಗದು. ನ್ಯಾಯವಾದುದನ್ನು ತಳ್ಳಿದ್ದಕ್ಕೆ ಅನ್ಯಾಯವಾದುದನ್ನು ಕೊಟ್ಟು ಸಮಾಧಾನಪಡಿಸಿದಂತಾಯಿತು. ದಂಡ ತೆತ್ತವರು ಚೀನದವರು.

ಅದೇ ವರ್ಷ ತನ್ನನ್ನು ಪ್ಯಾರಿಸಿನಲ್ಲಿ ಕಂಡ ಐರಿಷ್ ಅಮೇರಿಕನರ ನಿಯೋಗದೆದುರು, ಆ ಮಾತುಗಳನ್ನಾಡಿದಾಗ ಇಷ್ಟೊಂದು ಜನಾಂಗಗಳು ಇರುವ ಸಂಗತಿ ತನಗೆ ತಿಳಿದಿರಲಿಲ್ಲವೆಂದು ಅವನು ಹೇಳಿಕೊಂಡನಂತೆ. ರಾಜ್ಯಶಾಸ್ತ್ರದ ಪ್ರಾಧ್ಯಾಪಕನಿಗೆ ಭೂಪಟ ಗೊತ್ತಿರಲಿಲ್ಲ!

ಯುರೋಪಿನ ಧೂರ್ತರಾರೂ ಕೈಹಾಕದ ಸ್ಥಳವೊಂದುಂಟು. ಅದು ಹೈತಿ ದೇಶ. ಅಲ್ಲಿಗೆ 1915ರಲ್ಲಿ ಸೈನ್ಯ ಇಳಿಸಿದವನು ವಿಲ್ಸನ್ನನೇ. ಅಮೇರಿಕೆಯವರು ಮುಂದಿಟ್ಟ ರಾಜ್ಯಘಟನೆಗೆ ಒಪ್ಪದ ಶಾಸನಸಭೆಯನ್ನು 1917ರಲ್ಲಿ ಮುರಿದುಹಾಕಲಾಯಿತು. 1918ರ ಜೂನದಲ್ಲಿ, ಎಂದರೆ ಹದಿನಾಲ್ಕು ಸೂತ್ರಗಳಿಗೆ ಐದು ತಿಂಗಳು ತುಂಬಿದಾಗ, ಸೈನಿಕರ ಕಾವಲಿನಲ್ಲಿ ಮತ ತೆಗೆದುಕೊಂಡು, ವಿದೇಶೀಯರು ಭೂಮಿಯ ಒಡೆಯರಾಗಬಹುದೆಂಬ ಹೊಸ ಘಟನೆಯನ್ನು ಜಾರಿಗೆ ತಂದರು. ಆ ಸೈನಿಕರು ಅಲ್ಲಿಂದ ಹಡಗು ಹತ್ತಿದುದು 1934ರಲ್ಲಿ.