ಟ್ರ್ಯಾಕ್ಟರಿಗೆ ಟರ್ಬೊ: ಬೆಸುಗೆಗೆ ಮೊದಲು ಹೊಲದ ಅಳತೆ



ಹತ್ತು ಹಳ್ಳಿಗೊಂದು ಬೆಸುಗೆ ಅಂಗಡಿ ಇದ್ದ ಕಾಲ ಹೋಯಿತು. ಇಂದು ಅನೇಕರ ತೋಟದ ಮನೆಯಲ್ಲೇ ವೆಲ್ಡಿಂಗ್ ಯಂತ್ರ, ಗ್ರೈಂಡರ್, ಡ್ರಿಲ್ಲಿಂಗ್ ಯಂತ್ರಗಳಿವೆ. ಗೇಟು, ಟ್ರೇಲರ್, ಕುಂಟೆಗಳನ್ನು ತಾವೇ ಮಾಡಿಕೊಂಡ ರೈತರಿಗೆ ಮುಂದಿನ ಆಸೆ ಹುಟ್ಟುವುದು ಸಹಜ. ಹಳೆಯ 35 ಅಥವಾ 40 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಮ್ಯಾನಿಫೋಲ್ಡನ್ನು ಮನೆಯಲ್ಲೇ ಮಾಡಿ, ಗುಜರಿಯಲ್ಲಿ ಸಿಕ್ಕ ಟರ್ಬೊವನ್ನು ಅದಕ್ಕೆ ಜೋಡಿಸಿದರೆ ಶಕ್ತಿ ಹೆಚ್ಚುವುದಿಲ್ಲವೇ ಎಂಬುದೇ ಆ ಆಸೆ.

ಶಕ್ತಿ ಹೆಚ್ಚಬಹುದು. ಮ್ಯಾನಿಫೋಲ್ಡನ್ನು ಮನೆಯಲ್ಲಿ ಮಾಡುವುದೂ ಅಸಾಧ್ಯವಲ್ಲ. ಆದರೆ ಹೆಚ್ಚಿದ ಶಕ್ತಿ ಮಣ್ಣಿಗೆ ಮುಟ್ಟುತ್ತದೆಯೇ ಎಂಬುದನ್ನು ಅಳೆದು ನೋಡದೆ ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಸಾಯ ಶಾಸ್ತ್ರದವನಿಗೆ ಎಂಜಿನ್ನಿನ ವಿಷಯ ಏಕೆ ಎಂದು ನೀವು ಕೇಳಬಹುದು. ಎಂಜಿನ್ನಿನ ಶಕ್ತಿ ಕೊನೆಗೆ ಖರ್ಚಾಗುವುದು ಮಣ್ಣಿನಲ್ಲಿ. ಆದ್ದರಿಂದ ಮಣ್ಣಿನ ಕಡೆಯಿಂದಲೂ ಒಂದು ಮಾತು ಹೇಳುವುದು ಅವಶ್ಯ.

ಟರ್ಬೊ ಮಾಡುವ ಕೆಲಸ

ಎಂಜಿನ್ ಹೊರಗೆ ಬಿಡುವ ಹೊಗೆಯಲ್ಲಿ ಬಿಸಿಯೂ ಒತ್ತಡವೂ ಇರುತ್ತವೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೃಷಿ ಟ್ರ್ಯಾಕ್ಟರಿಗೆ ಇದು ಕಾರ್ಖಾನೆಯಲ್ಲೇ ಅಳವಟ್ಟು ಬಂದದ್ದು 1961ರಲ್ಲಿ, ಅಮೆರಿಕದ ಆಲಿಸ್ ಚಾಲ್ಮರ್ಸ್ ಕಂಪನಿಯ ಡಿ-19 ಡೀಸೆಲ್ ಮಾದರಿಯಲ್ಲಿ.

ನಮ್ಮ ನಾಡಿಗೆ ಇದರಿಂದ ಪ್ರಯೋಜನವೇ ಇಲ್ಲವೆಂದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತಮುತ್ತ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇಕಡ 8ರಷ್ಟು ಕಡಿಮೆ. ಸುಮಾರು 400 ಮೀಟರ್ ಎತ್ತರದ ರಾಯಚೂರಿನಲ್ಲಿ ಈ ಕೊರತೆ ಶೇಕಡ 4ರಷ್ಟು. ಟರ್ಬೊ ಇಲ್ಲದ ಎಂಜಿನ್ ಅಷ್ಟು ಗಾಳಿಯನ್ನು ಕಳೆದುಕೊಂಡೇ ಕೆಲಸ ಮಾಡಬೇಕು. ಟರ್ಬೊ ಆ ಕೊರತೆಯನ್ನು ತುಂಬಿ, ಅದಕ್ಕೂ ಹೆಚ್ಚು ಗಾಳಿಯನ್ನು ಕೊಡಬಲ್ಲದು.

ಆದರೆ ಟರ್ಬೊ ಕೊಡುವುದು ಗಾಳಿಯನ್ನು ಮಾತ್ರ. ಶಕ್ತಿ ಹುಟ್ಟುವುದು ಡೀಸೆಲ್ಲಿನಿಂದ. ಪಂಪಿನ ಮುದ್ರೆ ಒಡೆದು ಡೀಸೆಲ್ ಹೆಚ್ಚಿಸದೆ ಹೇಳಿಕೊಳ್ಳುವಷ್ಟು ಶಕ್ತಿ ಬರುವುದಿಲ್ಲ. ಡೀಸೆಲ್ ಹೆಚ್ಚಿಸಿದರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಬೇರಿಂಗ್, ಕ್ಲಚ್, ಗೇರ್ ಎಲ್ಲದರ ಮೇಲೂ ಹೊರೆ ಬೀಳುತ್ತದೆ. ಅವೆಲ್ಲ ಹಳೆಯ ಶಕ್ತಿಗೆ ಎಂದು ಮಾಡಿದ ಭಾಗಗಳು.

ಮ್ಯಾನಿಫೋಲ್ಡ್ ಮಾಡುವ ಬಗೆ

ಪ್ರತಿ ಸಿಲಿಂಡರಿನಿಂದ ಬರುವ ಹೊಗೆಯನ್ನು ಒಂದೆಡೆ ಕೂಡಿಸುವ ಎರಕದ ಭಾಗವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಟರ್ಬೊ ಜೋಡಿಸಬೇಕಾದರೆ ಇದು ಹೊಗೆಯನ್ನು ಸಾಗಿಸುವುದರ ಜೊತೆಗೆ ಟರ್ಬೊವಿನ ಭಾರವನ್ನೂ ಹೊರಬೇಕು. ಮೊದಲು ವಿಚಾರಿಸಬೇಕಾದ ಸಂಗತಿ ಎಂದರೆ, ನಿಮ್ಮ ಎಂಜಿನ್ನಿನದೇ ಟರ್ಬೊ ಮಾದರಿಯನ್ನು ಕಾರ್ಖಾನೆಯವರು ಮಾಡಿದ್ದಾರೆಯೇ ಎಂಬುದು. ಮಾಡಿದ್ದರೆ ಅದರ ಎರಕದ ಮ್ಯಾನಿಫೋಲ್ಡನ್ನೇ ಕೊಳ್ಳುವುದು ಲೇಸು. ಅದು ಸಿಗದಿದ್ದಾಗ ಮಾತ್ರ ಸ್ವಂತ ತಯಾರಿಕೆಯ ಯೋಚನೆ ಮಾಡಿರಿ.

ಹೊಸ ಗ್ಯಾಸ್ಕೆಟ್ ಒಂದನ್ನು ತಂದು ಅದನ್ನೇ ಅಚ್ಚಾಗಿ ಇಟ್ಟುಕೊಂಡು, 12 ಮಿ.ಮೀ. ದಪ್ಪದ ಕಬ್ಬಿಣದ ತಗಡಿನ ಮೇಲೆ ಹೊಗೆಯ ಕಿಂಡಿಗಳನ್ನೂ ಬೋಲ್ಟಿನ ತೂತುಗಳನ್ನೂ ಗುರುತು ಮಾಡಬೇಕು. ಇದೇ ಫ್ಲಾಂಜ್. ತೆಳು ತಗಡು ಬೆಸುಗೆಯ ಬಿಸಿಗೆ ಬಾಳೆಲೆಯಂತೆ ಸುರುಳುತ್ತದೆ. ಕೊಳವೆಗೆ 3.5 ಮಿ.ಮೀ.ಗೆ ಕಡಮೆಯಿಲ್ಲದ ದಪ್ಪದ ಕಪ್ಪು ಕಬ್ಬಿಣದ ಪೈಪು ಮತ್ತು ಬೆಂಡುಗಳು ಬೇಕು. ಸೈಲೆನ್ಸರ್ ಅಂಗಡಿಯ ತೆಳು ಕೊಳವೆ ಇದಕ್ಕೆ ಆಗದು. ಕೊಳವೆಯ ಒಳ ಅಳತೆ ಕಿಂಡಿಯ ಅಳತೆಗೆ ಸಮನಾಗಿದ್ದರೆ ಸಾಕು. ಅಗಲ ಹೆಚ್ಚಿದರೆ ಹೊಗೆಯ ವೇಗ ಕುಗ್ಗಿ ಟರ್ಬೊ ತಡವಾಗಿ ಎದ್ದೇಳುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಹೊಗೆಯ ಹೊಡೆತಗಳು ಸಮಾನ ಅಂತರದಲ್ಲಿ ಬರುವುದರಿಂದ ಉದ್ದುದ್ದ ಬಳುಕುವ ಕೊಳವೆಗಳ ಅಗತ್ಯವಿಲ್ಲ. ಗಿಡ್ಡವೂ ಗಟ್ಟಿಯೂ ಆದ ಒಂದೇ ಕೂಡು ಕೊಳವೆ ಸಾಕು.

ಬೆಸೆಯುವಾಗ ಫ್ಲಾಂಜನ್ನು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟಿನಿಂದ ಬಿಗಿದಿರಬೇಕು. ಮೊದಲು ಎಲ್ಲ ಕಡೆ ಚುಕ್ಕೆ ಬೆಸುಗೆ ಹಾಕಿ, ನಂತರ ಒಂದೆಡೆ ಸ್ವಲ್ಪ, ಎದುರು ಬದಿಗೆ ಸ್ವಲ್ಪ ಎಂಬಂತೆ ಮುಗಿಸಬೇಕು. ಪೂರ್ತಿ ತಣ್ಣಗಾಗುವವರೆಗೆ ಬೋಲ್ಟು ಬಿಚ್ಚಕೂಡದು. ಆಮೇಲೆ ಪಟ್ಟಣದ ಕಾರ್ಯಾಗಾರದಲ್ಲಿ ಫ್ಲಾಂಜಿನ ಮುಖವನ್ನು ಸಮತಟ್ಟಾಗಿ ಮಾಡಿಸಿ, ಕಿಂಡಿಗಳನ್ನು ಮುಚ್ಚಿ ಸ್ವಲ್ಪ ಗಾಳಿ ತುಂಬಿ, ಸಾಬೂನು ನೀರು ಹಚ್ಚಿ ಸೋರಿಕೆ ನೋಡಬೇಕು. ಒಳಗೆ ಅಂಟಿದ ಬೆಸುಗೆಯ ಹನಿಗಳನ್ನೆಲ್ಲ ಕೆರೆದು ತೆಗೆಯುವುದು ಅತಿ ಮುಖ್ಯ. ಟರ್ಬೊವಿನ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು. ರಾಗಿ ಕಾಳಿನಷ್ಟು ಕಬ್ಬಿಣದ ಚೂರು ಬಡಿದರೂ ಅದರ ಎಲೆ ಮುರಿಯುತ್ತದೆ.

ಬಿಸಿಯ ಲೆಕ್ಕ

ಹೊರೆ ಹೊತ್ತ ಡೀಸೆಲ್ ಎಂಜಿನ್ನಿನ ಹೊಗೆಯ ಉಷ್ಣಾಂಶ 500ರಿಂದ 650 ಡಿಗ್ರಿ ಸೆಂಟಿಗ್ರೇಡ್ ಮುಟ್ಟುತ್ತದೆ. ಅರ್ಧ ಮೀಟರ್ ಉದ್ದದ ಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿ.ಮೀ. ಉದ್ದವಾಗುತ್ತದೆ. ತುಕ್ಕು ಹಿಡಿಯದ ಉಕ್ಕಾದರೆ 4 ಮಿ.ಮೀ.ಗೂ ಹೆಚ್ಚು. ನೀರಿನಿಂದ ತಣಿಯುವ ಸಿಲಿಂಡರ್ ಹೆಡ್ ಅಷ್ಟು ಹಿಗ್ಗುವುದಿಲ್ಲ. ಬಿಗಿದ ಬೋಲ್ಟುಗಳ ನಡುವೆ ಈ ಎಳೆದಾಟ ದಿನವೂ ನಡೆದು, ಕೊನೆಗೆ ಬೆಸುಗೆಯ ಅಂಚಿನಲ್ಲಿ ಬಿರುಕು ಕಾಣುತ್ತದೆ. ಆದ್ದರಿಂದ ಬೆಸುಗೆ ಮುಗಿದ ಮೇಲೆ ಫ್ಲಾಂಜನ್ನು ಕಿಂಡಿ ಕಿಂಡಿಯ ನಡುವೆ ಸೀಳಿ ಬಿಡಬೇಕು ಮತ್ತು ಬೋಲ್ಟಿನ ತೂತುಗಳನ್ನು ಸ್ವಲ್ಪ ಸಡಿಲವಾಗಿ ಕೊರೆಯಬೇಕು. ಟರ್ಬೊವಿನ ಭಾರಕ್ಕೆ ಎಂಜಿನ್ನಿನಿಂದಲೇ ಒಂದು ಊರುಗೋಲು ಕೊಡಬೇಕು. ಸಾಧಾರಣ ಕಬ್ಬಿಣ ಈ ಬಿಸಿಯಲ್ಲಿ ಹೊಪ್ಪಳೆ ಹೊಪ್ಪಳೆಯಾಗಿ ಉದುರಿ ಸವೆಯುತ್ತದೆ ಎಂಬುದೂ ನೆನಪಿರಲಿ. ಮನೆಯ ಮ್ಯಾನಿಫೋಲ್ಡಿಗೆ ಎರಕದ ಮ್ಯಾನಿಫೋಲ್ಡಿನ ಆಯುಸ್ಸು ಇರುವುದಿಲ್ಲ.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ತೋಟದಲ್ಲಿ ಸುಲಭವಾಗಿ ಕೈಗೆ ಸಿಗುವುದು ಕೊಳವೆ ಬಾವಿಯ ಹಳೆಯ ಜಿ.ಐ. ಪೈಪು. ಅದರ ಮೇಲಿರುವ ಸತುವಿನ ಲೇಪ ಬೆಸುಗೆಯ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು ಬರುತ್ತವೆ. ಜಿ.ಐ. ಪೈಪನ್ನು ಈ ಕೆಲಸಕ್ಕೆ ಎಂದೂ ಬಳಸಬೇಡಿ.

ಟರ್ಬೊವಿನ ಎಣ್ಣೆ ಇಳಿಯುವ ಕೊಳವೆ ಅಗಲವಾಗಿದ್ದು, ಎಲ್ಲಿಯೂ ಮಡಿಚಿಕೊಳ್ಳದೆ ನೇರ ಕೆಳಗಿಳಿಯಬೇಕು. ಡೀಸೆಲ್ ಕೊಳವೆ ಮತ್ತು ಮ್ಯಾನಿಫೋಲ್ಡಿನ ನಡುವೆ ತಗಡಿನ ಮರೆ ಇರಬೇಕು. ರಾಗಿ ಹುಲ್ಲು, ಭತ್ತದ ಹುಲ್ಲಿನ ಕಣದಲ್ಲಿ ನಿಲ್ಲುವ ಟ್ರ್ಯಾಕ್ಟರಿಗೆ ಇದು ಅಲಂಕಾರದ ಮಾತಲ್ಲ. ಕಾದು ಕೆಂಪಾದ ಕಬ್ಬಿಣದ ಮೇಲೆ ಒಂದು ಹಿಡಿ ಹುಲ್ಲು ಬಿದ್ದರೆ ಬಣವೆಯೇ ಹೋದೀತು.

ಕಾಯ್ದೆಯ ಮಾತನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ವಿಮೆ ಇರುವ, ಸಾಲದ ಮೇಲೆ ಕೊಂಡ ಟ್ರ್ಯಾಕ್ಟರಿಗೆ ಕೈ ಹಾಕುವವರು ಇದನ್ನು ಮೊದಲು ಯೋಚಿಸಬೇಕು.

ಹೊಲ ಏನು ಹೇಳುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ನೇಗಿಲು ಎಳೆಯುವುದು ಎಂಜಿನ್ ಎಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಎಳೆಯುವುದು ಗಾಲಿ ಮತ್ತು ಮಣ್ಣಿನ ನಡುವಿನ ಹಿಡಿತ. ಆ ಹಿಡಿತ ಇಲ್ಲದಿದ್ದರೆ 40 ಅಶ್ವಶಕ್ತಿಯೂ ಅಷ್ಟೆ, 55 ಅಶ್ವಶಕ್ತಿಯೂ ಅಷ್ಟೆ. ಗಾಲಿ ನಿಂತಲ್ಲೇ ಜಾರಿ ಟೈರೂ ಡೀಸೆಲ್ಲೂ ಸವೆಯುತ್ತವೆ.

ಇದನ್ನು ಅಳೆಯಲು ಸೀಮೆಸುಣ್ಣ ಮತ್ತು ಹಗ್ಗ ಸಾಕು. ಹಿಂದಿನ ಗಾಲಿಯ ಮೇಲೆ ಒಂದು ಗುರುತು ಹಾಕಿರಿ. ನೇಗಿಲನ್ನು ಎತ್ತಿಕೊಂಡು ಅದೇ ಹೊಲದಲ್ಲಿ ಗಾಲಿ 10 ಸುತ್ತು ತಿರುಗುವವರೆಗೆ ಓಡಿಸಿ ದೂರ ಅಳೆಯಿರಿ. ಅದು 40 ಮೀಟರ್ ಎಂದಿಟ್ಟುಕೊಳ್ಳಿ. ನೇಗಿಲನ್ನು ಮಣ್ಣಿಗಿಳಿಸಿ ಮತ್ತೆ 10 ಸುತ್ತು ಓಡಿಸಿದಾಗ 32 ಮೀಟರ್ ಬಂದರೆ ಜಾರಿಕೆ ಶೇಕಡ 20. ಅಂದರೆ ಹತ್ತು ಗಂಟೆಯ ಉಳುಮೆಯಲ್ಲಿ ಎರಡು ಗಂಟೆ ಗಾಲಿ ಸುಮ್ಮನೆ ತಿರುಗಿದೆ. ಜಾರಿಕೆ ಶೇಕಡ 10ರಿಂದ 15ರ ಒಳಗಿದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಟ್ರ್ಯಾಕ್ಟರಿಗೆ ಬೇಕಾದುದು ಟರ್ಬೊ ಅಲ್ಲ. ಗಾಲಿಗೆ ತೂಕ, ಸವೆಯದ ಟೈರು, ಹರಿತವಾದ ಕುಳ, ತಕ್ಕ ಆಳ, ಇವು ಬೇಕು.

ಎಲ್ಲಕ್ಕಿಂತ ಮಿಗಿಲಾದುದು ಹದ. ಹದ ತಪ್ಪಿ ಒಣಗಿದ ಕೆಂಪು ಮಣ್ಣು ಕಲ್ಲಿನಂತೆ ಎದುರು ನಿಲ್ಲುತ್ತದೆ. ಹದ ಬರುವ ಮೊದಲೇ ಉತ್ತ ಕಪ್ಪು ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಹೆಚ್ಚು ಶಕ್ತಿಯ ಟ್ರ್ಯಾಕ್ಟರ್ ಕೈಯಲ್ಲಿದ್ದರೆ ಹದಕ್ಕಾಗಿ ಕಾಯುವ ತಾಳ್ಮೆ ಹೋಗುತ್ತದೆ. ಶಕ್ತಿ ಹೆಚ್ಚಿತೆಂದು ತೂಕ ಏರಿಸಿ ಹಸಿ ಮಣ್ಣಿನ ಮೇಲೆ ಓಡಾಡಿದರೆ, ಉಳುಮೆಯ ಆಳದ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಮಳೆಯ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಎಂಜಿನ್ನಿನಲ್ಲಿ ಗಳಿಸಿದ್ದನ್ನು ಇಳುವರಿಯಲ್ಲಿ ಕಳೆದುಕೊಂಡಂತಾಗುತ್ತದೆ. ಮ್ಯಾನಿಫೋಲ್ಡಿನ ಬಿರುಕನ್ನು ಮತ್ತೆ ಬೆಸೆಯಬಹುದು. ಮಣ್ಣಿನ ಗಟ್ಟಿ ಪದರವನ್ನು ಒಡೆದು ಸರಿಪಡಿಸಲು ವರ್ಷಗಳೇ ಬೇಕಾಗಬಹುದು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಪಿ.ಟಿ.ಓ.ದಿಂದ ನಡೆಯುವ ಒಕ್ಕಣೆ ಯಂತ್ರ, ಜನರೇಟರ್, ಪಂಪುಗಳಿಗೆ ಗಾಲಿಯ ಹಿಡಿತದ ಪ್ರಶ್ನೆಯಿಲ್ಲ. ಅಲ್ಲಿ ಎಂಜಿನ್ ನಿಜವಾಗಿಯೂ ಸೋಲುತ್ತಿದ್ದರೆ ಹೆಚ್ಚಿನ ಗಾಳಿ ನೆರವಾಗುತ್ತದೆ. ಆದರೆ ವರ್ಷದಲ್ಲಿ ಎಷ್ಟು ದಿನ ಆ ಕೆಲಸ ಎಂದು ಲೆಕ್ಕ ಹಾಕಿರಿ. ಕೆಲವೇ ದಿನಗಳಾದರೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ತರುವುದೇ ಅಗ್ಗ. ಕಬ್ಬಿನ ಟ್ರೇಲರ್ ಎಳೆಯಲು ಟರ್ಬೊ ಬೇಕೆನ್ನುವವರಿಗೆ ಒಂದೇ ಪ್ರಶ್ನೆ: ಎಳೆಯುವ ಶಕ್ತಿ ಹೆಚ್ಚಿತು, ಬ್ರೇಕಿನ ಶಕ್ತಿ ಹೆಚ್ಚಿತೇ?

ಮೊದಲು ಮಾಡಬೇಕಾದುದು

ಟ್ರ್ಯಾಕ್ಟರ್ ಸೋಲುತ್ತಿದೆ ಎನಿಸಿದಾಗ ಮೊದಲು ಗಾಳಿ ಸೋಸುವ ಏರ್ ಕ್ಲೀನರನ್ನು ಬಿಚ್ಚಿ ನೋಡಿ. ಧೂಳು ಕಟ್ಟಿದ ಏರ್ ಕ್ಲೀನರಿನಿಂದ ಉಸಿರು ಕಟ್ಟಿದ ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ. ನಂತರ ಇಂಜೆಕ್ಟರ್, ವಾಲ್ವಿನ ಸಂದು, ಪಂಪಿನ ಟೈಮಿಂಗ್ ಇವನ್ನು ಬಲ್ಲ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಿ. ಆಮೇಲೆ ಜಾರಿಕೆ ಅಳೆಯಿರಿ. ಇಷ್ಟೆಲ್ಲ ಸರಿಯಿದ್ದೂ, ಪಿ.ಟಿ.ಓ. ಕೆಲಸ ವರ್ಷದ ಬಹುಭಾಗ ಇದ್ದೂ, ಎಂಜಿನ್ ಸಾಲದು ಎಂದಾದರೆ ಆಗ ಟರ್ಬೊವಿನ ಮಾತು. ಅದೂ ಪಿಸ್ಟನ್, ಪಂಪು, ಕ್ಲಚ್ಚುಗಳ ಮಿತಿಯನ್ನು ಬಲ್ಲವರನ್ನು ಕೇಳಿಕೊಂಡು, ಕಾಯ್ದೆಯನ್ನು ಗಮನದಲ್ಲಿಟ್ಟು.

ಕೈಯಲ್ಲಿ ಬೆಸುಗೆಯ ವಿದ್ಯೆ ಇರುವವರು ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಸವೆದ ಕುಳದ ತುದಿಗೆ ಗಟ್ಟಿ ಲೋಹ ತುಂಬಿ ಹರಿತ ಮಾಡುವುದು, ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಬಲ್ಲ ತೂಕದ ಚೌಕಟ್ಟು ಮಾಡುವುದು, ಹಳೆಯ ಕೂರಿಗೆಯ ಸಾಲಿನ ಅಂತರವನ್ನು ನಿಮ್ಮ ಬೆಳೆಗೆ ಸರಿಯಾಗಿ ಹೊಂದಿಸುವುದು, ಇವೆಲ್ಲ ಅದೇ ಯಂತ್ರದಿಂದ, ಅದೇ ಕೈಯಿಂದ ಆಗುವ ಕೆಲಸಗಳು. ಇವುಗಳ ಫಲ ಮೊದಲ ಹಂಗಾಮಿನಲ್ಲೇ ಕಾಣುತ್ತದೆ. ಈ ಸಲ ಮುಂಗಾರಿನ ಮೊದಲ ಹದ ಬಂದಾಗ ಸೀಮೆಸುಣ್ಣ, ಹಗ್ಗ ಹಿಡಿದು ಹೊಲಕ್ಕೆ ಹೋಗಿ. ಹತ್ತು ಸುತ್ತಿನ ಲೆಕ್ಕ ಬರೆದಿಟ್ಟುಕೊಳ್ಳಿ. ಬೆಸುಗೆ ಹಾಕಬೇಕಾದುದು ಎಂಜಿನ್ನಿಗೋ ನೇಗಿಲಿಗೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.